ಗವಯವೂ ಆರಣ್ಯಕಪುರುಷನೂ

ಬಂಗಾರಪೇಟೆ ಮತ್ತು ಕೋಲಾರದ ಚಿನ್ನದ ಗಣಿಯ ಪ್ರದೇಶದ ಓದುಬರಹವುಳ್ಳ ಮನೆಗಳಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ವಾಙ್ಮಯವು ಬಂದು ಸೇರುತ್ತಲಿದೆ. ಅದಕ್ಕೆ ಗ್ರಂಥವೆಂಬ ಹೆಸರಿಲ್ಲ. ಕರ್ತೃವಿನ ಹೆಸರಂತೂ ಇಲ್ಲವೇ ಇಲ್ಲ. ಆಫ್ರಿಕಾ ಖಂಡದ ರಾಷ್ಟ್ರೀಯ ಉದ್ಯಾನಗಳಿಗೆ ಹೋಗಿ ಸಿಂಹ, ಆನೆ, ಜಿರಾಫೆಗಳನ್ನು ಅವುಗಳ ನೆಲದಲ್ಲಿಯೇ ನೋಡಿ ಬರುವುದಕ್ಕೆಂದು ದಿನಕ್ರಮವಾಗಿ ಬರೆದ ಯೋಜನಾಪತ್ರಗಳೇ ಅವು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿ ಮುಚ್ಚಿದ ಮೇಲೆ, ಮಾರಿಕುಪ್ಪದಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ಬರುವುದು ಅಲ್ಲಿನ ಎಷ್ಟೋ ಮನೆಗಳ ನಿತ್ಯಕರ್ಮವಾಯಿತು. ಹಾಗೆ ದುಡಿದ ಮಕ್ಕಳು ಅರುವತ್ತು ತುಂಬಿದ ತಂದೆತಾಯಿಗಳನ್ನು ಕಾಶೀ ರಾಮೇಶ್ವರಗಳಿಗೆ ಕಳುಹಿಸುವಂತೆಯೇ ಕೀನ್ಯಾ ಟಾಂಜಾನಿಯಾಗಳಿಗೂ ಕರೆದೊಯ್ಯುವ ಸಂಕಲ್ಪ ಮಾಡುವುದುಂಟು. ಇದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಸಂಕಲ್ಪ ಮಾಡಿದವರ ಕೈಗೆ ಮೊಟ್ಟಮೊದಲು ಬರುವ ಬರಹ ಎಂಥದು ಎಂಬುದನ್ನು ವಿಚಾರಿಸುವುದು ವಿಮರ್ಶೆಯ ಕೆಲಸ. ಹಿಂದೆ ಸ್ಥಳಪುರಾಣಗಳೂ ತೀರ್ಥಮಾಹಾತ್ಮ್ಯಗಳೂ ಮಾಡುತ್ತಿದ್ದುದನ್ನು ಇಂದು ಇವು ಮಾಡುತ್ತಿವೆ. ಯಾತ್ರಿಕನು ಏನನ್ನು ನೋಡಬೇಕು, ಏನನ್ನು ನೋಡದೆ ಬಿಡಬಹುದು ಎಂಬುದನ್ನು ಅವನು ಹೊಸ್ತಿಲು ದಾಟುವುದಕ್ಕೆ ಮುಂಚೆಯೇ ಇವು ತೀರ್ಮಾನಿಸಿಬಿಡುತ್ತವೆ.

ಈ ಯಾತ್ರೆಗೆ ಬಳಕೆಯಲ್ಲಿರುವ ಹೆಸರು ಸಫಾರಿ. ಇದನ್ನು ಕೆಲವರು ಸವಾರಿಯ ಅಪಭ್ರಂಶವೆಂದು ತಿಳಿದಿರುವರು, ಅದು ಸರಿಯಲ್ಲ. ಸವಾರಿ ಎಂಬುದು ಪಾರಸಿಯ ಮಾತು. ಸಫಾರಿ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು; ಅರಬ್ಬಿಯ ಸಫರ್ ಎಂಬ ಶಬ್ದದಿಂದ ಅಲ್ಲಿಗೆ ಬಂದದ್ದು. ಮೈಸೂರು ಸೀಮೆಯವರಿಗೆ ಪರಿಚಿತವಾದ ಮುಸಾಫಿರಖಾನೆಯ ಮುಸಾಫಿರನೂ ಇದೇ ಮನೆತನದವನು. ಸ್ವಾಹಿಲಿಯಲ್ಲಿ ಇದಕ್ಕೆ ಪ್ರಯಾಣವೆಂದಷ್ಟೇ ಅರ್ಥ; ನೆಂಟರ ಮನೆಗೆ ಹೋಗುವುದೂ ಅವರಿಗೆ ಸಫಾರಿಯೇ. ಬೇಟೆಯ ಅರ್ಥವನ್ನು ಈ ಶಬ್ದದ ಬೆನ್ನಿಗೆ ಕಟ್ಟಿದವರು ಯೂರೋಪಿನಿಂದ ಬಂದೂಕು ಹೊತ್ತು ಬಂದವರು.

ತರ್ಕಸಂಗ್ರಹವನ್ನು ಓದಿದವರಿಗೆ ಉಪಮಾನಪ್ರಮಾಣದ ಉದಾಹರಣೆ ಮರೆಯತಕ್ಕದ್ದಲ್ಲ. ಗವಯವೆಂಬ ಮೃಗವನ್ನು ಕಂಡರಿಯದ ಒಬ್ಬನು, ಕಾಡಿನಲ್ಲಿ ವಾಸಿಸುವ ಇನ್ನೊಬ್ಬನಿಂದ, ಅದು ಹಸುವಿನ ಹೋಲಿಕೆಯುಳ್ಳದ್ದು ಎಂದು ಕೇಳಿರುತ್ತಾನೆ. ಮುಂದೆ ಎಂದೋ ವನಕ್ಕೆ ಹೋದಾಗ ಅಂಥ ಪ್ರಾಣಿಯೊಂದು ಎದುರಾಗಲು, ಕೇಳಿದ ಮಾತನ್ನು ಸ್ಮರಿಸಿ, ಗವಯವೆಂದರೆ ಇದೇ ಎಂದು ಅರಿಯುತ್ತಾನೆ. ಪಾಠಶಾಲೆಯ ಬಾಲಕರ ಲಕ್ಷ್ಯವೆಲ್ಲ ಗವಯದ ಮೇಲೆಯೇ ಇರುವುದು ಸಹಜ. ಆದರೆ ಈ ಉದಾಹರಣೆಯ ಆಧಾರಸ್ತಂಭವು ಆ ಆರಣ್ಯಕಪುರುಷನು. ಅನ್ನಂಭಟ್ಟನು ಅವನಿಗೆ ಹೆಸರಿಟ್ಟಿಲ್ಲ. ಅವನು ಆಡುವುದು ಒಂದೇ ವಾಕ್ಯ. ಅವನ ಆ ಮಾತಿಲ್ಲದೆ ಹೋದರೆ ನೋಡಿದವನಿಗೆ ಗವಯವು ಒಂದು ಪಿಂಡವಾಗಿ ಉಳಿಯುತ್ತಿತ್ತೇ ಹೊರತು ಗವಯವಾಗುತ್ತಿರಲಿಲ್ಲ. ಮೃಗದರ್ಶನಯಾತ್ರೆಯ ಯೋಜನೆ ಇದಕ್ಕಿಂತ ಸಂಕ್ಷಿಪ್ತವಾಗಿ ಬೇರೆಲ್ಲಿಯೂ ಸಿಕ್ಕದು. ಅದೂ ಅಲ್ಲದೆ, ಇಂದು ಲೋಕವೆಲ್ಲ ಹೋಗಿ ನೋಡುವ ಸೆರೆಂಗೆಟಿಯ ಮುಖ್ಯ ಪ್ರಾಣಿಯಾದ ವೈಲ್ಡ್‌ಬೀಸ್ಟ್ ಎಂಬುದು ದನದ ಕೊಂಬು, ಕುದುರೆಯ ಬಾಲಗಳುಳ್ಳ ಒಂದು ಜಾತಿಯ ಜಿಂಕೆ; ನಮ್ಮ ಗವಯವಲ್ಲವಾದರೂ ಗೋಸಾದೃಶ್ಯಕ್ಕೆ ಕೊರತೆಯಿಲ್ಲ. ಆದುದರಿಂದ ಆಫ್ರಿಕಾ ಯಾತ್ರೆಯ ಬರಹಗಳನ್ನು ಪರೀಕ್ಷಿಸುವುದಕ್ಕೆ ಇದೇ ಒರೆಗಲ್ಲಾಗಬಹುದು: ಇವುಗಳಲ್ಲಿ ಗವಯವುಂಟು, ಆರಣ್ಯಕಪುರುಷನೆಲ್ಲಿ?

ಯೋಜನಾಪತ್ರಗಳಲ್ಲಿ ನಿರ್ದುಷ್ಟವಾದ ಭಾಗವೂ ಉಂಟು. ಅದನ್ನು ಮೊದಲು ಹೇಳುವುದು ನ್ಯಾಯ. ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಿಗೆ ಹೋಗುವವರು ಪೀತಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಅದರ ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಆ ಪತ್ರಕ್ಕೆ ಬೆಲೆ. ಅದಿಲ್ಲದೆ ಹಿಂದಿರುಗಿದವರನ್ನು ಭಾರತದ ವಿಮಾನನಿಲ್ದಾಣದಲ್ಲಿ ತಡೆದು ಪ್ರತ್ಯೇಕವಾಗಿರಿಸಬಹುದು. ಕೀನ್ಯಾದಲ್ಲಿ ೨೦೧೭ರಿಂದಲೂ ಟಾಂಜಾನಿಯಾದಲ್ಲಿ ೨೦೧೯ರಿಂದಲೂ ಪ್ಲಾಸ್ಟಿಕ್ ಕೈಚೀಲಗಳು ನಿಷಿದ್ಧ. ಉದ್ಯಾನದಿಂದ ಉದ್ಯಾನಕ್ಕೆ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ತಲೆಗೆ ೧೫ ಕಿಲೋ ತೂಕದ, ಅದೂ ಮೆತ್ತನೆಯ ಚೀಲಕ್ಕೆ ಮಾತ್ರ ಎಡೆ. ಗಟ್ಟಿ ಪೆಟ್ಟಿಗೆಯ ತುಂಬ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಯ ಭರಣಿಗಳನ್ನು ಜೋಡಿಸುವ ಗೃಹಿಣಿಯರು ಇದನ್ನು ಎರಡು ಸಲ ಓದಬೇಕು. ಇಂಥ ಸ್ಥಳಗಳಲ್ಲಿ ಈ ಪತ್ರಗಳ ಗದ್ಯವು ಸೂತ್ರಪ್ರಾಯವಾಗಿದೆ. ಅಲ್ಪಾಕ್ಷರ, ಅಸಂದಿಗ್ಧ. ಬರೆದವನಿಗೆ ವಿಷಯ ಗೊತ್ತಿರುವುದರಿಂದ ಅಲಂಕಾರಕ್ಕೆ ಕೈಹಾಕಿಲ್ಲ.

ದೋಷವು ತಲೆಯಿಡುವುದು ಪ್ರಾಣಿಗಳ ಪ್ರಸ್ತಾಪ ಬಂದಾಗ. ಮೂರನೆಯ ದಿನ ಅಂಬೊಸೆಲಿಯಲ್ಲಿ ಆನೆ, ಐದನೆಯ ದಿನ ನಕುರುವಿನಲ್ಲಿ ಫ್ಲೆಮಿಂಗೋ ಪಕ್ಷಿ, ಏಳನೆಯ ದಿನ ಮಾರಾ ನದಿಯನ್ನು ದಾಟುವ ಹಿಂಡು, ಒಂಬತ್ತನೆಯ ದಿನ ಗೊರೊಂಗೊರೊ ಕುಂಡದಲ್ಲಿ ಘೇಂಡಾಮೃಗ, ಹೀಗೆ ಪಂಚಾಂಗದಲ್ಲಿ ಗ್ರಹಣದ ಸ್ಪರ್ಶಮೋಕ್ಷಕಾಲ ಕೊಟ್ಟಂತೆ ಕೊಟ್ಟಿರುತ್ತದೆ. ಗ್ರಹಣಕ್ಕೆ ಗಣಿತವುಂಟು. ಸುಮಾರು ೧೩ ಲಕ್ಷ ವೈಲ್ಡ್‌ಬೀಸ್ಟ್‌ಗಳೂ ಅವುಗಳೊಡನೆ ಲಕ್ಷಗಟ್ಟಲೆ ಪಟ್ಟೆಕುದುರೆಗಳೂ ವರ್ಷವಿಡೀ ಮಾಡುವ ಪ್ರದಕ್ಷಿಣೆಗೆ ಇರುವುದು ಮಳೆ ಮತ್ತು ಹುಲ್ಲಿನ ಆಧಾರವಷ್ಟೆ. ಜನವರಿಯಿಂದ ಮಾರ್ಚಿಯವರೆಗೆ ಅವು ಸೆರೆಂಗೆಟಿಯ ತೆಂಕಣ ಬಯಲಿನಲ್ಲಿ ಈಯುತ್ತವೆ. ಮುಂಗಾರು ಮುಗಿಯುವ ಹೊತ್ತಿಗೆ ಪಡುವಣಕ್ಕೆ ಸರಿಯುತ್ತವೆ. ಜುಲೈಯಿಂದ ಅಕ್ಟೋಬರಿನೊಳಗೆ ಬಡಗಣ ಮಾರಾ ನದಿಯ ದಡಕ್ಕೆ ಬಂದು, ಮೊಸಳೆಗಳ ನಡುವೆ ದಾಟಿ, ಮತ್ತೆ ಮಳೆ ಬಿದ್ದ ವಾರ್ತೆ ಮೂಗಿಗೆ ತಗುಲಿದೊಡನೆ ಹಿಂದಿರುಗುತ್ತವೆ. ತಿಂಗಳನ್ನು ಹೇಳಬಹುದು, ದಿನವನ್ನು ಹೇಳಲಾಗದು. ದಡದಲ್ಲಿ ಸಾವಿರಾರು ಪ್ರಾಣಿಗಳು ಸೇರಿ, ನೀರಿಗೆ ಮೂತಿ ಚಾಚಿ, ಏನನ್ನೋ ಕಂಡು ಬೆದರಿ, ಹಿಂದಕ್ಕೆ ಓಡಿ, ಸಂಜೆಯವರೆಗೂ ದಾಟದೆ ಹೋಗುವುದುಂಟು. ಈ ಕಾಯುವಿಕೆಯೇ ಯಾತ್ರೆಯ ಉತ್ತಮ ಅಧ್ಯಾಯ. ಯೋಜನಾಪತ್ರವು ಇದರ ಮಾತೆತ್ತುವುದಿಲ್ಲವಾಗಿ, ಹಿಂಡು ದಾಟದಿದ್ದರೆ ಯಾತ್ರಿಕನು ಕೊಟ್ಟ ಹಣಕ್ಕೆ ಮೋಸವಾಯಿತೆಂದು ಮುಖ ಗಂಟಿಕ್ಕಿಕೊಂಡು ಬಿಡಾರಕ್ಕೆ ಹಿಂದಿರುಗುತ್ತಾನೆ. ನಕುರು ಸರೋವರದ ನೀರು ಏರಿದ ಮೇಲೆ ಅಲ್ಲಿನ ಪಕ್ಷಿಗಳು ಬಹುಮಟ್ಟಿಗೆ ಬೇರೆ ಸರೋವರಗಳಿಗೆ ಹೋದವು. ಹಳೆಯ ಚಿತ್ರ ಮಾತ್ರ ಹೊಸ ಕಾಗದದ ಮೇಲೆ ಅಚ್ಚಾಗುತ್ತಲೇ ಇದೆ. (ಈ ಪಕ್ಷಿಗೆ ರಾಜಹಂಸವೆಂಬ ಹೆಸರು ಕೊಡುವವರುಂಟು. ಕವಿಗಳ ರಾಜಹಂಸವು ಬೇರೆ. ಮಾನಸಸರೋವರದ ಆ ಅತಿಥಿಯನ್ನು ಉಪ್ಪುನೀರಿನ ಕೆಸರಿಗೆ ಇಳಿಸುವುದು ಉಚಿತವಲ್ಲ.) ಗೊರೊಂಗೊರೊ ಕುಂಡದೊಳಗೆ ಜಿರಾಫೆಯಿಲ್ಲ; ಗೋಡೆ ಕಡಿದಾಗಿದೆ, ಅದು ಮೇಯುವಂಥ ಮರಗಳು ಒಳಗೆ ಸಾಲದು ಎನ್ನುತ್ತಾರೆ. ಏನಿದೆ ಎಂಬುದರಷ್ಟೇ ಏನಿಲ್ಲ, ಏಕಿಲ್ಲ ಎಂಬುದೂ ನೋಡುವವನಿಗೆ ಪಾಠ. ಪಟ್ಟಿ ಬರೆಯುವವನಿಗೆ ಅದು ಬರೆಯದೆ ಬಿಡಬೇಕಾದ ಕೊರತೆಯಾಗಿದೆ.

ಪಟ್ಟಿಯೆಂಬುದೇ ಕೀಳೆಂದು ಇಲ್ಲಿನ ಅಭಿಪ್ರಾಯವಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಆದಿಯಿಂದ ಅಂತ್ಯದವರೆಗೂ ಪಟ್ಟಿಯೇ. ಅದರ ಮೃಗಯಾವಿನೋದದ ಭಾಗದಲ್ಲಿ ಬೇಟೆಯ ಬಗೆಗಳನ್ನು ಒಂದಾದ ಮೇಲೊಂದಾಗಿ ಎಣಿಸಿದ್ದಾನೆ. ಆದರೆ ಅಲ್ಲಿನ ಒಂದೊಂದು ಬಗೆಯ ಹಿಂದೆಯೂ ಮೃಗದ ನಡೆನುಡಿಯನ್ನು ಬಲ್ಲವನ ಕಣ್ಣು ಇದೆ. ಇಂದಿನ ಪತ್ರಗಳ ಪಟ್ಟಿ ಬಂದದ್ದು ಬೇರೆ ಮೂಲದಿಂದ. ಇವುಗಳಲ್ಲಿ ತಪ್ಪದೆ ಕಾಣುವ ಪಂಚಮಹಾಮೃಗಗಳು, ಎಂದರೆ ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ, ನೋಡುವುದಕ್ಕೆ ಸುಂದರವೆಂದು ಆರಿಸಿದವಲ್ಲ. ಕಾಲ್ನಡಿಗೆಯಲ್ಲಿ ಹೋಗಿ ಕೊಲ್ಲುವುದಕ್ಕೆ ಅತಿ ಕಷ್ಟವೂ ಅಪಾಯವೂ ಆದವೆಂದು ಬೇಟೆಗಾರರು ಗೊತ್ತುಮಾಡಿದವು. ಅಮೆರಿಕದ ಅಧ್ಯಕ್ಷಪದವಿಯಿಂದಿಳಿದ ಥಿಯೊಡರ್ ರೂಸ್‌ವೆಲ್ಟನು ೧೯೦೯ರಲ್ಲಿ ಮಗ ಕರ್ಮಿಟ್‌ನೊಡನೆ ಪೂರ್ವ ಆಫ್ರಿಕಕ್ಕೆ ಹೋಗಿ, ೧೯೧೦ರಲ್ಲಿ ಆ ಯಾತ್ರೆಯ ಗ್ರಂಥವನ್ನು ಪ್ರಕಟಿಸಿದನು. ತಾನು ಕೊಂದವು ೨೯೬, ಮಗನು ಕೊಂದವು ೨೧೬ ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾನೆ. ಗ್ರಂಥದಲ್ಲಿ ಒಳ್ಳೆಯ ವರ್ಣನೆಗಳಿಲ್ಲವೆಂದಲ್ಲ. ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಕೂಡಿಸುವುದು ಅವನ ಉದ್ದೇಶಗಳಲ್ಲೊಂದಾಗಿತ್ತೆಂಬುದೂ ನಿಜ. ಆದರೂ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದು ಆ ಲೆಕ್ಕ. ಬಂದೂಕಿನ ಸ್ಥಾನದಲ್ಲಿ ಛಾಯಾಯಂತ್ರವು ಬಂದಿದೆ. ಲೆಕ್ಕದ ಪುಸ್ತಕ ಬದಲಾಗಿಲ್ಲ.

ಇಂಥ ಲೆಕ್ಕಗಳಲ್ಲಿ ಮನುಷ್ಯನ ಗತಿ ಏನಾಯಿತೆಂಬುದಕ್ಕೆ ಪ್ಯಾಟರ್ಸನ್ನನ ಗ್ರಂಥವನ್ನು ನೋಡಬೇಕು. ೧೮೯೬ರಲ್ಲಿ ಆರಂಭವಾದ ಉಗಾಂಡಾ ರೈಲುದಾರಿಯ ಕೆಲಸಕ್ಕೆ ಭಾರತದಿಂದ ಸುಮಾರು ೩೨,೦೦೦ ಕೂಲಿಗಳನ್ನು ಕರೆದೊಯ್ದಿದ್ದರು. ಅವರಲ್ಲಿ ಸುಮಾರು ೨,೫೦೦ ಮಂದಿ ಅಲ್ಲಿಯೇ ಮಡಿದರು. ೧೮೯೮ರಲ್ಲಿ ಸಾವೊ ಎಂಬ ಹೊಳೆಯ ಮೇಲೆ ಸೇತುವೆ ಕಟ್ಟುತ್ತಿರುವಾಗ ಎರಡು ಸಿಂಹಗಳು ತಿಂಗಳುಗಟ್ಟಲೆ ಗುಡಾರಗಳಿಗೆ ನುಗ್ಗಿ ಜನರನ್ನು ಎಳೆದೊಯ್ದವು. ಅವೆರಡನ್ನೂ ಕೊಂದ ಪ್ಯಾಟರ್ಸನ್ನನು ೧೯೦೭ರಲ್ಲಿ ಬರೆದ ಪುಸ್ತಕವು ಮೃಗಸಾಹಿತ್ಯದಲ್ಲಿ ಇಂದಿಗೂ ಮೇಲ್ಪಂಕ್ತಿಯದು. ರಾತ್ರಿಯ ಭಯವನ್ನು ಅವನಷ್ಟು ನಿರಾಡಂಬರವಾಗಿ ಹೇಳಿದವರು ವಿರಳ. ಅದೇ ಪುಸ್ತಕದಲ್ಲಿ ಅವನು ಸತ್ತ ಭಾರತೀಯ ಕೂಲಿಗಳ ಸಂಖ್ಯೆ ೨೮ ಎಂದು ಕೊಟ್ಟು, ಆಫ್ರಿಕದ ನಿವಾಸಿಗಳಲ್ಲಿ ಸತ್ತವರ ಅಧಿಕೃತ ಲೆಕ್ಕವನ್ನೇ ಇಡಲಿಲ್ಲವೆಂದು ತಾನೇ ಹೇಳಿದ್ದಾನೆ. ಸಿಂಹಗಳ ಉದ್ದವನ್ನು ಅಳೆದದ್ದುಂಟು. ಚರ್ಮಗಳು ೧೯೨೪ರಲ್ಲಿ ೫,೦೦೦ ಡಾಲರಿಗೆ ಷಿಕಾಗೋ ನಗರದ ವಸ್ತುಸಂಗ್ರಹಾಲಯಕ್ಕೆ ಮಾರಾಟವಾದದ್ದೂ ದಾಖಲೆಯಲ್ಲುಂಟು. ಗಣಿಯಲ್ಲಿ ಅಜ್ಜಂದಿರನ್ನು ಕಳೆದುಕೊಂಡ ಚಾಂಪಿಯನ್ ರೀಫ್ಸಿನ ಮನೆಯವನೊಬ್ಬನು ಈ ಪುಟವನ್ನು ಓದಿದರೆ ಸಿಂಹಕ್ಕಿಂತ ಹೆಚ್ಚಾಗಿ ಅವನನ್ನು ಹಿಡಿದು ನಿಲ್ಲಿಸುವುದು ಆ ಬರೆಯದೆ ಉಳಿದ ಸಂಖ್ಯೆ.

ಕೊಲ್ಲುವವರ ಕಾಲ ಹೋಗಿ ಕಾಪಾಡುವವರ ಕಾಲ ಬಂದಾಗಲಾದರೂ ಆರಣ್ಯಕಪುರುಷನಿಗೆ ಎಡೆ ದೊರೆಯಿತೆಂದು ಭಾವಿಸಬಹುದು. ಹಾಗಾಗಲಿಲ್ಲ. ಜರ್ಮನಿಯ ಗ್ರಿಮೆಕ್ ಎಂಬ ತಂದೆಮಕ್ಕಳು ಪಟ್ಟೆಕುದುರೆಯಂತೆ ಬಣ್ಣ ಬಳಿದ ಸಣ್ಣ ವಿಮಾನದಲ್ಲಿ ಹಾರಾಡಿ ಸೆರೆಂಗೆಟಿಯ ಪ್ರಾಣಿಗಳನ್ನು ಎಣಿಸಿದರು. ೧೯೫೯ರಲ್ಲಿ ಅದೇ ವಿಮಾನಕ್ಕೆ ಹದ್ದು ಬಡಿದು ಮಗನು ಅಲ್ಲಿಯೇ ಮೃತನಾದನು. ಅದೇ ವರ್ಷ ತಂದೆಯು ಪ್ರಕಟಿಸಿದ ಗ್ರಂಥವನ್ನು ಕಣ್ಣು ಒದ್ದೆಯಾಗದೆ ಓದಲಾಗದು. ಸೆರೆಂಗೆಟಿ ಇಂದಿಗೂ ಉಳಿದಿರುವುದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಆದರೆ ರಾಷ್ಟ್ರೀಯ ಉದ್ಯಾನದೊಳಗೆ ಯಾವ ಮನುಷ್ಯನೂ, ಆ ನೆಲದವನೂ ಕೂಡ, ವಾಸಮಾಡಬಾರದೆಂಬುದು ಅವರ ಸಿದ್ಧಾಂತವಾಗಿತ್ತು. ೧೯೫೧ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಬಯಲಿನಿಂದ ೧೯೫೯ರಲ್ಲಿ ದನಗಾಹಿಗಳಾದ ಮಸಾಯಿ ಜನರನ್ನು ಹೊರಡಿಸಿ ಗೊರೊಂಗೊರೊ ಕಡೆಗೆ ಕಳುಹಿಸಿದರು. ೨೦೨೨ರಿಂದ ಅಲ್ಲಿಂದಲೂ ಅವರನ್ನು ದೂರದ ಮ್ಸೊಮೆರಾ ಎಂಬಲ್ಲಿಗೆ ಸಾಗಿಸುವ ಕಾರ್ಯ ನಡೆದಿದೆ; ಅವರಾಗಿಯೇ ಹೋಗುತ್ತಿರುವರೆಂದು ಸರ್ಕಾರವು ಹೇಳುತ್ತದೆ, ಅವರಲ್ಲಿ ಅನೇಕರು ಇಲ್ಲವೆನ್ನುತ್ತಾರೆ. ಕೊನೆಯಿಲ್ಲದ ಬಯಲೆಂಬ ಅರ್ಥದಲ್ಲಿ ಸೆರೆಂಗೆಟಿಯೆಂಬ ಹೆಸರು ಬಂದದ್ದು ಮಸಾಯಿಗಳ ಮಾತಿನಿಂದ. ಚುಕ್ಕೆ ಚುಕ್ಕೆಯಾದದ್ದು ಎಂಬ ಅರ್ಥದ ಮಾರಾ ಎಂಬುದೂ ಅವರದೇ. ೧೪,೭೬೩ ಚದರ ಕಿಲೋಮೀಟರಿನ, ಎಂದರೆ ಕೋಲಾರ ಜಿಲ್ಲೆಯ ಮೂರೂವರೆ ಪಟ್ಟಿಗೂ ಮಿಕ್ಕ, ಆ ಬಯಲಿಗೆ ಹೆಸರಿಟ್ಟವರು ಯೋಜನಾಪತ್ರದಲ್ಲಿ ಬರುವುದು ಒಂದೇ ಒಂದು ಸಲ: ಎಂಟನೆಯ ದಿನ ಸಂಜೆ, ಕೆಂಪು ಬಟ್ಟೆಯುಟ್ಟು ನೆಗೆದು ಕುಣಿಯುವುದಕ್ಕಾಗಿ.

ವಾಹನವನ್ನು ನಡೆಸುವವನ ಸ್ಥಿತಿಯೂ ಹೀಗೆಯೇ. ರಣಹದ್ದುಗಳು ಎಲ್ಲಿ ಸುತ್ತುತ್ತಿವೆ, ಜಿರಾಫೆಗಳೆಲ್ಲವೂ ಒಂದೇ ಕಡೆಗೆ ಏಕೆ ನೋಡುತ್ತಿವೆ ಎಂಬುದನ್ನು ಕಂಡು ಚಿರತೆಯಿರುವ ಮರವನ್ನು ಊಹಿಸುವವನು ಅವನು. ಇಂದಿನ ಆರಣ್ಯಕಪುರುಷನು ಅವನೇ. ಅಂಬೊಸೆಲಿಯಲ್ಲಿ ೧೯೭೨ರಿಂದ ಸಂಶೋಧಕರು ಆನೆಗಳಿಗೆ ಒಂದೊಂದಕ್ಕೂ ಹೆಸರಿಟ್ಟು, ತಾಯಿ ಮಗಳು ಮೊಮ್ಮಗಳೆಂದು ವಂಶಾವಳಿ ಬರೆದಿಟ್ಟಿದ್ದಾರೆ, ಶ್ಲಾಘ್ಯವಾದ ಕೆಲಸ. ವಾಹನ ನಡೆಸುವವನು ಮಾತ್ರ ಪತ್ರದಲ್ಲಿ ‘ಆಂಗ್ಲಭಾಷೆ ಬಲ್ಲ ಚಾಲಕ’ನೆಂಬ ಸಾಮಾನ್ಯನಾಮದಿಂದ ಮುಗಿದುಹೋಗುತ್ತಾನೆ.

ಈ ವಿಷಯದಲ್ಲಿ ಕಾಳಿದಾಸನಿಗಿದ್ದ ಎಚ್ಚರವು ಆಶ್ಚರ್ಯಕರವಾದದ್ದು. ಅವನು ಎರಡು ಬೇಟೆಗಳನ್ನು ವರ್ಣಿಸಿದ್ದಾನೆ. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಕೊರಳು ಹೊರಳಿಸಿ ನೋಡುತ್ತ ಓಡುವ ಜಿಂಕೆಯ ಪದ್ಯವು ಲೋಕಪ್ರಸಿದ್ಧ. ಭಯಾನಕರಸವು ಸಹೃದಯನಲ್ಲಿ ಹೇಗೆ ಸಾಧಾರಣೀಕೃತವಾಗುತ್ತದೆಂಬುದಕ್ಕೆ ಅಭಿನವಗುಪ್ತಪಾದರು ಅದನ್ನೇ ಉದಾಹರಿಸಿದರು. ಆ ಜಿಂಕೆಯು ಬದುಕಿದ್ದು ಹೇಗೆ? ಕಾಡಿನಲ್ಲಿ ವಾಸಿಸುವ ತಪಸ್ವಿಯೊಬ್ಬನು ನಡುವೆ ಬಂದು, ಇದು ಆಶ್ರಮದ ಮೃಗ, ಕೊಲ್ಲತಕ್ಕದ್ದಲ್ಲವೆಂದು ಕೈಯೆತ್ತಿದನು. ಅರಸನು ಅವನ ಮಾತನ್ನು ಕೇಳಿ ಬಾಣವನ್ನು ಇಳಿಸಿದನು. ಎರಡನೆಯದು ರಘುವಂಶದ ಒಂಬತ್ತನೆಯ ಸರ್ಗದ ದಶರಥನ ಬೇಟೆ. ಇಲ್ಲಿ ಅರಸನು ಕಠಿನಹೃದಯನೇನೂ ಅಲ್ಲ. ಗಂಡಿಗೆ ಮೈಯನ್ನು ಅಡ್ಡಮಾಡಿ ನಿಂತ ಹೆಣ್ಣು ಜಿಂಕೆಯನ್ನು ಕಂಡು ಹೆದೆಯನ್ನು ಸಡಿಲಿಸುತ್ತಾನೆ. ನವಿಲಿನ ಗರಿಯಲ್ಲಿ ಪ್ರಿಯೆಯ ಮುಡಿ ನೆನಪಾಗಿ ಅದಕ್ಕೂ ಬಾಣವೆಸೆಯುವುದಿಲ್ಲ. ಒಂದೊಂದು ಪ್ರಾಣಿಯನ್ನೂ ಅಷ್ಟು ಚೆನ್ನಾಗಿ ನೋಡಿದ ಆ ಕಣ್ಣು ತಮಸಾ ತೀರದಲ್ಲಿ ಮರೆಯಾಗಿದ್ದ ಮನುಷ್ಯನನ್ನು ನೋಡಲಿಲ್ಲ. ಕೊಡ ತುಂಬುವ ಸದ್ದನ್ನು ಆನೆಯ ಘೀಂಕಾರವೆಂದು ಬಗೆದು ಎಸೆದ ಬಾಣವು ಮುನಿಪುತ್ರನಿಗೆ ನಾಟಿತು. ಸೂರಿಗಳಾದ ವ್ಯಾಖ್ಯಾನಕಾರರು ಇದನ್ನು ಮೃಗಯಾವ್ಯಸನದ ಫಲವೆಂದು ಬಿಡುತ್ತಾರೆ. ಅಷ್ಟಕ್ಕೇ ಬಿಟ್ಟರೆ ಸರ್ಗದ ಕಟ್ಟಡ ಪೂರ್ತಿ ತಿಳಿದಂತಾಗದು. ಜಿಂಕೆ, ಹಂದಿ, ಸಿಂಹ, ನವಿಲುಗಳ ಅಷ್ಟು ಮನೋಹರವಾದ ಸಾಲನ್ನು ಕವಿಯು ಹಾಕಿಕೊಂಡು ಬಂದದ್ದೇ ಓದುಗನೂ ಅರಸನೊಡನೆ ಮೈಮರೆತು ಆ ಹುಡುಗನನ್ನು ಕಾಣದಿರಲೆಂದು.

ಈ ಒರೆಗಲ್ಲಿಗೆ ಕನ್ನಡದ ಬರಹಗಳು ಹೇಗೆ ನಿಲ್ಲುತ್ತವೆ? ಆಫ್ರಿಕದ ಕಾಡನ್ನು ಕುರಿತು ಕನ್ನಡಿಗರ ಕಲ್ಪನೆಯನ್ನು ರೂಪಿಸಿದ್ದರಲ್ಲಿ ೧೯೮೬ರ ‘ಆಫ್ರಿಕಾದಲ್ಲಿ ಶೀಲಾ’ ಎಂಬ ಚಲಚ್ಚಿತ್ರದ ಪಾಲು ಕಡಮೆಯಲ್ಲ. ಅದರ ಗುಣದೋಷ ಇಲ್ಲಿ ಬೇಡ. ವಂಗಭಾಷೆಯ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ೧೯೩೭ರಲ್ಲಿ ಪ್ರಕಟಿಸಿದ ‘ಚಾಂದೇರ್ ಪಾಹಾಡ್’ ಕಾದಂಬರಿಯನ್ನು ಮಾತ್ರ ಹೆಸರಿಸಲೇಬೇಕು. ಆಫ್ರಿಕಕ್ಕೆ ಕಾಲಿಡದೆ, ಬಲ್ಲವರ ಪ್ರಯಾಣಗ್ರಂಥಗಳನ್ನು ಓದಿಯೇ, ಅವರು ಉಗಾಂಡಾ ರೈಲಿನಲ್ಲಿ ಕೆಲಸಕ್ಕೆ ಸೇರಿದ ಹಳ್ಳಿಯ ಹುಡುಗನನ್ನು ವಜ್ರದ ಬೆಟ್ಟದವರೆಗೆ ಕರೆದೊಯ್ದರು. ಆಸ್ಟ್ರೇಲಿಯದ ಕಟ್ಟುಕಥೆಯ ಬುನಿಪ್ ಎಂಬ ಜಂತುವನ್ನು ಅಲ್ಲಿಗೆ ತಂದು ಕೂಡಿಸಿದ್ದು ದೋಷವೆಂದು ಎತ್ತಿ ತೋರಿಸಬಹುದು. ಆದರೆ ಗುಹೆಯಲ್ಲಿ ದಾರಿ ತಪ್ಪಿದ ಶಂಕರನ ಬಾಯಾರಿಕೆ ಓದುಗನ ಗಂಟಲಿಗೆ ತಟ್ಟುತ್ತದೆ. ಹೋಗಿ ಬಂದು ಬರೆದ ಎಷ್ಟೋ ಪುಟಗಳಿಗೆ ಅಷ್ಟು ಶಕ್ತಿಯಿಲ್ಲ.

ಕನ್ನಡದ ನಿಜವಾದ ಸಂಪತ್ತು ಬೇರೆ ಕಡೆ ಇದೆ. ಬೆಂಗಳೂರಿನಲ್ಲಿ ನೆಲಸಿದ್ದ ಕೆನೆತ್ ಆಂಡರ್ಸನ್ (೧೯೧೦–೧೯೭೪) ಹೊಸೂರು, ಸೇಲಂ, ಚಿತ್ತೂರು ಸೀಮೆಗಳ ಕಾಡುಗಳಲ್ಲಿ, ಎಂದರೆ ಬಂಗಾರಪೇಟೆಯ ನೆರೆಹೊರೆಯಲ್ಲಿ, ನರಭಕ್ಷಕಗಳನ್ನು ಅರಸಿ ತಿರುಗಿದ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಕನ್ನಡದ ಬಾಯಿಮಾತಿನ ಹದಕ್ಕೆ ತಂದರು. ಈ ಕಥೆಗಳಲ್ಲಿ ಬಂದೂಕು ಉಂಟು, ಕೊಂದ ಹುಲಿಯ ಅಳತೆಯೂ ಉಂಟು. ಜೊತೆಗೆ ಬೈರನೆಂಬ ಪೂಜಾರಿ ಜನದವನೊಬ್ಬನು ಇದ್ದಾನೆ. ಅವನು ಕಳ್ಳಬೇಟೆಯಿಂದ ಹೊಟ್ಟೆ ಹೊರೆಯುವವನು. ಹೆಜ್ಜೆಯ ಗುರುತು, ಮುರಿದ ಹುಲ್ಲು, ಕೋಡಗದ ಕೂಗುಗಳಿಂದ ಕಾಡನ್ನು ಓದಬಲ್ಲವನು. ಗ್ರಂಥಕರ್ತನು ತನ್ನ ಪ್ರಾಣವನ್ನು ಅವನ ಮಾತಿಗೆ ಒಪ್ಪಿಸುತ್ತಾನೆ. ಅವನಿಂದ ಕಲಿತೆನೆಂದು ಹೇಳಿಕೊಳ್ಳುತ್ತಾನೆ. ಒಡೆಯನ ಗತ್ತು ಅಲ್ಲಲ್ಲಿ ಇಣಿಕಿದರೂ ಬೈರನು ಸಾಮಾನು ಹೊರುವ ನೆರಳಾಗಿ ಉಳಿದಿಲ್ಲ. ಕನ್ನಡದಲ್ಲಿ ಅವನು ಇನ್ನೂ ಹತ್ತಿರದವನಾಗಿದ್ದಾನೆ, ಏಕೆಂದರೆ ಅಲ್ಲಿ ಅವನ ಮಾತು ದ್ವಿಭಾಷಿಯ ಮಾತಿನಂತೆ ಕೇಳಿಸುವುದಿಲ್ಲ.

ತೇಜಸ್ವಿಯವರದೇ ‘ಕರ್ವಾಲೊ’ (೧೯೮೦) ಇದಕ್ಕಿಂತಲೂ ಒಂದು ಮೆಟ್ಟಿಲು ಮೇಲೆ. ಹಾರುವ ಓತಿಯೊಂದನ್ನು ನೋಡುವುದಕ್ಕಾಗಿ ಕಾಡಿಗೆ ಹೊರಡುವ ತಂಡದ ಕಥೆಯೆಂದು ಹೇಳಿದರೆ ಅದು ಮೃಗದರ್ಶನಯಾತ್ರೆಯ ಕಾದಂಬರಿಯೇ ಆಯಿತು. ಯೋಜನೆಯೂ ಉಂಟು: ಛಾಯಾಚಿತ್ರಕ್ಕೆ ಪ್ರಭಾಕರ, ಅಡಿಗೆಗೆ ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವುದಕ್ಕೆ ಯಂಗ್ಟ, ಕೂಗಾಡುವುದಕ್ಕೆ ಕಿವಿಯೆಂಬ ನಾಯಿ. ಆದರೆ ಇವರೆಲ್ಲರ ನಡುವೆ ವಿಜ್ಞಾನಿಯಾದ ಕರ್ವಾಲೊ ಗುರುವೆಂಬಂತೆ ಆದರಿಸುವುದು ಊರವರೆಲ್ಲ ದಡ್ಡನೆಂದು ನಗುವ ಮಂದಣ್ಣನನ್ನು. ಓತಿಯನ್ನು ಮೊದಲು ಕಂಡವನು ಅವನು. ಅವನ ಮಾತನ್ನು ನಂಬಿಯೇ ಇಷ್ಟು ಜನ ಹೊರಟದ್ದು. ತರ್ಕಸಂಗ್ರಹದ ಆರಣ್ಯಕಪುರುಷನಿಗೆ ಕನ್ನಡದಲ್ಲಿ ಹೆಸರು, ಮನೆ, ಮದುವೆ, ಪೊಲೀಸರ ಕಾಟ ಎಲ್ಲವೂ ದೊರೆತದ್ದು ಈ ಪುಸ್ತಕದಲ್ಲಿ. ಕೊನೆಯಲ್ಲಿ ಓತಿ ಕಾಣಿಸುತ್ತದೆ. ಕೈಗೆ ಸಿಕ್ಕದೆ ಪ್ರಪಾತದ ಕಡೆಗೆ ತೇಲಿ ಹೋಗುತ್ತದೆ. ಯಾತ್ರೆ ವ್ಯರ್ಥವಾಯಿತೆಂದು ಯಾವ ಓದುಗನಿಗೂ ಅನ್ನಿಸುವುದಿಲ್ಲ. ಹಾಸ್ಯವು ಕೆಲವೆಡೆ ಅತಿಯಾಯಿತೆನ್ನುವವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಆ ಹಾಸ್ಯವಿಲ್ಲದಿದ್ದರೆ ಮಂದಣ್ಣನು ಆದರ್ಶದ ಗೊಂಬೆಯಾಗಿಬಿಡುತ್ತಿದ್ದನು.

ನೋಡಲು ಬಂದವರ ಕಣ್ಣಿಗೆ ಅಲ್ಲಿರುವವರು ಕಾಣದೆ ಹೋಗುವುದು ಎಂಥದೆಂಬುದನ್ನು ಗಣಿಯ ಊರಿನವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ೨೦೧೮ರಲ್ಲಿಯೂ ೨೦೨೨ರಲ್ಲಿಯೂ ಈ ಊರಿನ ಹೆಸರನ್ನೇ ಹೊತ್ತ ಎರಡು ಚಲಚ್ಚಿತ್ರಗಳು ಬಂದವು. ಕಥೆಯಲ್ಲಿನ ಗಣಿ ಕಲ್ಪಿತ, ಬೆನ್ನ ಹಿಂದಿನ ಸಯನೈಡ್ ದಿಬ್ಬಗಳು ನಿಜ. ನೂರಿಪ್ಪತ್ತು ವರ್ಷ ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿದ ಆ ಬೂದುಬಣ್ಣದ ಗುಡ್ಡಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದಕ್ಕೆ ದೂರದೂರದಿಂದ ಜನ ಬರುತ್ತಾರೆ. ಬೇಸಗೆಯ ಗಾಳಿಗೆ ಅದರ ಧೂಳು ಯಾರ ಮನೆಯ ಹಿಟ್ಟಿನ ಪಾತ್ರೆಗೆ ಬೀಳುತ್ತದೆ, ನೆಲದಡಿಯಲ್ಲಿ ಸುಮಾರು ೩,೨೦೦ ಮೀಟರು ಆಳಕ್ಕೆ ಯಾರ ತಂದೆ ಇಳಿಯುತ್ತಿದ್ದನು ಎಂದು ಕೇಳುವವರು ಕಡಮೆ. ಬಂದವರು ನೋಡಿದ್ದು ಅವರ ಪಟ್ಟಿಯಲ್ಲಿದ್ದ ದಿಬ್ಬವನ್ನು.

ಆಫ್ರಿಕದ ಆನೆಯ ಯೋಜನೆ ಕೈಯಲ್ಲಿ ಹಿಡಿದಿರುವ ಬಂಗಾರಪೇಟೆಯ ಮನೆಗೆ ಕೆಲವೇ ಹರಿದಾರಿಯ ದೂರದಲ್ಲಿ, ಕಾಮಸಮುದ್ರ ಬೂದಿಕೋಟೆಗಳ ಕಡೆ, ತಮಿಳುನಾಡು ಮತ್ತು ಆಂಧ್ರದ ಕಾಡುಗಳಿಂದ ಆನೆಗಳು ವರ್ಷವರ್ಷವೂ ಬರುತ್ತವೆ. ರಾಗಿಯ ಹೊಲ, ಟೊಮ್ಯಾಟೊ ತೋಟಗಳು ಒಂದೇ ರಾತ್ರಿಯಲ್ಲಿ ನೆಲಸಮವಾಗುತ್ತವೆ. ಕಾವಲಿಗೆ ಹೋದ ರೈತರು ಸತ್ತದ್ದುಂಟು, ಆನೆಗಳೂ ಸತ್ತದ್ದುಂಟು. ಆ ರೈತನು ಆನೆಯ ಬರವನ್ನು ಯಾವ ನಾಯಿಯ ಬೊಗಳಿನಿಂದ ತಿಳಿಯುತ್ತಾನೆ, ಅದನ್ನು ಯಾವ ಮಾತಿನಿಂದ ಬೈಯುತ್ತಾನೆ, ಬೈದ ಮೇಲೆ ಗಣಪತಿಯೆಂದು ಏಕೆ ಕೈಮುಗಿಯುತ್ತಾನೆ ಎಂಬುದನ್ನು ಬರೆದಿಡುವ ಕನ್ನಡ ಗದ್ಯವು ಈ ಜಿಲ್ಲೆಯಿಂದ ಇನ್ನೂ ಬರಬೇಕಾಗಿದೆ. ಅದು ಬಂದ ದಿನ ಆಫ್ರಿಕಾ ಯಾತ್ರೆಯ ಬರಹವೂ ತಾನಾಗಿ ಮೇಲಾದೀತು. ಕಾಮಸಮುದ್ರದ ಕಾವಲುಗಾರನ ಮಾತನ್ನು ಕೇಳಿ ಅಭ್ಯಾಸವಾದ ಕಿವಿಯು ಮಸಾಯಿಯ ಮಾತಿಗೂ ತೆರೆದಿರುತ್ತದೆ.

ಅಲ್ಲಿಯವರೆಗೆ, ಹೊರಟು ನಿಂತ ಕುಟುಂಬಗಳಿಗೆ ಯೋಜನಾಪತ್ರವನ್ನು ಹರಿದೆಸೆಯಿರೆಂದು ಹೇಳುವುದು ಅವಿವೇಕವಾದೀತು. ಚುಚ್ಚುಮದ್ದು, ರಹದಾರಿ, ಚೀಲದ ತೂಕ ಇವಕ್ಕೆ ಅದೇ ಪ್ರಮಾಣ. ದಿನಕ್ಕೊಂದು ಉದ್ಯಾನವೆಂದು ಬರೆದಿರುವ ಕಡೆ ಎರಡನ್ನು ಹೊಡೆದುಹಾಕಿ, ಒಂದೇ ಬಯಲಿನಲ್ಲಿ ನಾಲ್ಕು ದಿನ ನಿಲ್ಲುವಂತೆ ತಿದ್ದಿಸಿಕೊಳ್ಳಬಹುದು; ಖರ್ಚೂ ತುಸು ಇಳಿಯುತ್ತದೆ. ಚಾಲಕನ ಹೆಸರನ್ನು ಮೊದಲ ದಿನವೇ ಕೇಳಿ ಪತ್ರದ ಅಂಚಿನಲ್ಲಿ ಬರೆದುಕೊಳ್ಳಬಹುದು. ಇನ್ನು ಆ ೧೫ ಕಿಲೋ ಚೀಲದಲ್ಲಿ ಉಪ್ಪಿನಕಾಯಿಯ ಭರಣಿಯೊಂದನ್ನು ತೆಗೆದರೆ ‘ಕರ್ವಾಲೊ’ಗೂ, ರಘುವಂಶದ ಒಂಬತ್ತನೆಯ ಸರ್ಗಕ್ಕೂ ಸ್ಥಳವಾಗುತ್ತದೆ, ಎರಡೂ ಸೇರಿ ತೂಕದಲ್ಲಿ ಅರ್ಧ ಕಿಲೋ ಮೀರುವುದಿಲ್ಲ.